ಮಗುವಿನ ಮುಖ ನೋಡಿಯಾದರೂ...



ಬಲಿಪೂಜೆಯಲ್ಲಿ ಗುರುಗಳು ಮೊದಲನೆಯ ಪರಮಪ್ರಸಾದ ಪ್ರಾರ್ಥನೆಯನ್ನು ಹೇಳುವ ದಿನ ಕೆಲವು ಸಂತರ ಹೆಸರುಗಳು ಸಾಲಾಗಿ ಬರುವುದನ್ನು ನೀವು ಕೇಳಿರುತ್ತೀರಿ. ಎರಡನೆಯ ಸಾಲಿನ ಕೊನೆಯಲ್ಲಿ ಏಳು ಮಂದಿ ಸ್ತ್ರೀಯರಿದ್ದಾರೆ. ಅವರಲ್ಲಿ ಮೊದಲ ಇಬ್ಬರು ಫೆಲಿಸಿತಾ ಮತ್ತು ಪೆರ್ಪೆತುವಾ. ಹೊತ್ತಾಯಿತೆಂದು ಈ ಹೆಸರುಗಳನ್ನು ಬಿಟ್ಟು ಮುಂದಕ್ಕೆ ಹೋಗಲೂ ಪೂಜಾವಿಧಿಯಲ್ಲಿ ಅವಕಾಶವಿದೆ. ಹೀಗಾಗಿ ಎಷ್ಟೋ ಮಂದಿಗೆ ಈ ಹೆಸರುಗಳ ಪರಿಚಯವೇ ಇಲ್ಲ. ಅವರ ಹಬ್ಬ ಮಾರ್ಚ್ 7ರಂದು. ಹೆಚ್ಚಿನ ವರ್ಷಗಳಲ್ಲಿ ಅದು ತಪಸ್ಸುಕಾಲದ ನಡುವೆ ಬಂದು ಸದ್ದಿಲ್ಲದೆ ಹೋಗಿಬಿಡುತ್ತದೆ.

ಇವರಿಬ್ಬರೂ ತಾಯಂದಿರು. ಒಬ್ಬಳ ಮಡಿಲಲ್ಲಿ ಇನ್ನೂ ಹಾಲು ಕುಡಿಯುವ ಗಂಡುಮಗುವಿತ್ತು. ಇನ್ನೊಬ್ಬಳು ಸೆರೆಮನೆಯಲ್ಲೇ ಹೆಣ್ಣುಮಗುವನ್ನು ಹೆತ್ತಳು. ಇಬ್ಬರೂ ತಮ್ಮ ಕೂಸುಗಳನ್ನು ಬೇರೆಯವರ ಕೈಗೆ ಒಪ್ಪಿಸಿ ಸಾವಿನ ಕಡೆಗೆ ನಡೆದರು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹೆತ್ತ ಕೂಸನ್ನು ಬಿಟ್ಟುಹೋದವರನ್ನು ಧರ್ಮಸಭೆ ಪೀಠದ ಬಳಿ ಏಕೆ ನೆನೆಯುತ್ತದೆ? ತಾಯಿಯಾದವಳಿಗೆ ಮಗುವಿಗಿಂತ ದೊಡ್ಡ ಧರ್ಮ ಇನ್ನೊಂದಿದೆಯೇ? ಮಕ್ಕಳನ್ನು ಹೆತ್ತು ಬೆಳೆಸಿದ ಯಾರ ಮನಸ್ಸಿನಲ್ಲಾದರೂ ಈ ಪ್ರಶ್ನೆ ಏಳುವುದು ಸಹಜ. ಸಂತರ ವಿಷಯವೆಂದು ಹೆದರಿ ಅದನ್ನು ನುಂಗಿಕೊಳ್ಳಬೇಡಿ. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಅವರ ಕಥೆಯನ್ನು ಕೇಳಿರಿ.

ಕಾರ್ಥೇಜಿನ ಸೆರೆಮನೆ

ಉತ್ತರ ಆಫ್ರಿಕದ ಕಡಲತೀರದಲ್ಲಿ, ಇಂದಿನ ಟ್ಯುನೀಸಿಯ ದೇಶದಲ್ಲಿ, ಕಾರ್ಥೇಜ್ ಎಂಬ ದೊಡ್ಡ ಪಟ್ಟಣವಿತ್ತು. ಸೆಪ್ಟಿಮಿಯಸ್ ಸೆವೆರಸ್ ರೋಮಿನ ಚಕ್ರವರ್ತಿಯಾಗಿದ್ದ ಕಾಲ. ಕ್ರಿ.ಶ. 203ರಲ್ಲಿ ಅಲ್ಲಿ ಕೆಲವು ಯುವಜನರನ್ನು ಕ್ರೈಸ್ತರೆಂಬ ಕಾರಣಕ್ಕೆ ಬಂಧಿಸಲಾಯಿತು. ವಿಬಿಯಾ ಪೆರ್ಪೆತುವಾ ಅವರಲ್ಲಿ ಒಬ್ಬಳು. ಸುಮಾರು 22 ವರ್ಷದವಳು, ಒಳ್ಳೆಯ ಮನೆತನದವಳು, ಓದುಬರಹ ಬಲ್ಲವಳು, ಮದುವೆಯಾದವಳು. ಅವಳ ಜೊತೆಗೆ ದಾಸರಾಗಿದ್ದ ರೆವೊಕಾತುಸ್ ಮತ್ತು ಫೆಲಿಸಿತಾ, ಹಾಗೂ ಸಾತುರ್ನಿನುಸ್, ಸೆಕುಂದುಲುಸ್ ಎಂಬವರಿದ್ದರು. ಇವರೆಲ್ಲ ಇನ್ನೂ ಜ್ಞಾನಸ್ನಾನಕ್ಕಾಗಿ ಸಿದ್ಧರಾಗುತ್ತಿದ್ದ ದೀಕ್ಷಾರ್ಥಿಗಳು. ಕಾವಲಿನಲ್ಲಿದ್ದಾಗಲೇ ಅವರಿಗೆ ಜ್ಞಾನಸ್ನಾನವಾಯಿತು.

ಅವರಿಗೆ ಧರ್ಮೋಪದೇಶ ಮಾಡಿದವನು ಸಾತುರುಸ್. ಬಂಧನದ ಹೊತ್ತಿನಲ್ಲಿ ಅವನು ಅಲ್ಲಿರಲಿಲ್ಲ. ತಪ್ಪಿಸಿಕೊಳ್ಳಬಹುದಾಗಿತ್ತು. ಆದರೆ ತಾನು ವಿಶ್ವಾಸ ಕಲಿಸಿದ ಮಕ್ಕಳು ಸೆರೆಯಲ್ಲಿರುವಾಗ ತಾನು ಹೊರಗಿರಲಾರೆನೆಂದು ತಾನಾಗಿಯೇ ಬಂದು ಅವರನ್ನು ಸೇರಿಕೊಂಡ. ಭಾನುವಾರ ಮಕ್ಕಳಿಗೆ ಧರ್ಮೋಪದೇಶ ಮಾಡುವ ನಮ್ಮ ಯುವಕ ಯುವತಿಯರು ಈ ಮನುಷ್ಯನನ್ನು ನೆನಪಿಟ್ಟುಕೊಳ್ಳಲಿ.

ಇದನ್ನೆಲ್ಲ ನಾವು ತಿಳಿದದ್ದು ಹೇಗೆ? ಸೆರೆಮನೆಯಲ್ಲಿ ಪೆರ್ಪೆತುವಾ ತನ್ನ ಕೈಯಾರೆ ದಿನಚರಿ ಬರೆದಿಟ್ಟಳು. ಕ್ರೈಸ್ತ ಮಹಿಳೆಯೊಬ್ಬಳು ಬರೆದು ನಮ್ಮವರೆಗೆ ಉಳಿದುಬಂದ ಬರಹಗಳಲ್ಲಿ ಇದು ಅತ್ಯಂತ ಹಳೆಯದೆನ್ನಬಹುದಾದದ್ದು. ಸಾತುರುಸನೂ ತಾನು ಕಂಡ ದರ್ಶನವೊಂದನ್ನು ಬರೆದ. ಅವರ ಮರಣದ ವೃತ್ತಾಂತವನ್ನು ಬೇರೊಬ್ಬ ವಿಶ್ವಾಸಿ ಸೇರಿಸಿ ಪೂರ್ತಿಗೊಳಿಸಿದ. ಆದ್ದರಿಂದ ಇಲ್ಲಿ ನಮಗೆ ಕೇಳಿಸುವುದು ಶತಮಾನಗಳ ನಂತರ ಯಾರೋ ಕಟ್ಟಿದ ಕಥೆಯಲ್ಲ, ಒಬ್ಬ ಎಳೆಯ ತಾಯಿಯ ಸ್ವಂತ ಧ್ವನಿ.

ಆ ಧ್ವನಿಯಲ್ಲಿ ವೀರಾವೇಶವಿಲ್ಲ. ಸೆರೆಮನೆಯ ಕತ್ತಲೆ ಕಂಡು ತಾನು ಹೆದರಿದೆನೆಂದು ಆಕೆ ಮುಚ್ಚುಮರೆಯಿಲ್ಲದೆ ಬರೆಯುತ್ತಾಳೆ. ಒಳಗೆ ಜನ ತುಂಬಿದ್ದರು, ಉಸಿರುಗಟ್ಟುವ ಸೆಕೆ, ಸೈನಿಕರ ದಬ್ಬಾಳಿಕೆ. ಎಲ್ಲಕ್ಕಿಂತ ಹೆಚ್ಚಾಗಿ ಮಗುವಿನ ಚಿಂತೆ. ತೆರ್ತಿಯುಸ್ ಮತ್ತು ಪೊಂಪೋನಿಯುಸ್ ಎಂಬ ಇಬ್ಬರು ಸೇವಾದರ್ಶಿಗಳು ಕಾವಲಿನವರಿಗೆ ಹಣ ತೆತ್ತು, ಬಂದಿಗಳು ದಿನದಲ್ಲಿ ಕೆಲವು ಗಂಟೆ ಸ್ವಲ್ಪ ಗಾಳಿಯಾಡುವ ಜಾಗದಲ್ಲಿರುವಂತೆ ಏರ್ಪಾಡು ಮಾಡಿದರು. ಅಲ್ಲಿ ಪೆರ್ಪೆತುವಾ ಹಸಿದು ಬಳಲಿದ್ದ ಕೂಸಿಗೆ ಹಾಲೂಡಿಸಿದಳು. ತಾಯಿಯೊಡನೆ ಮಾತನಾಡಿದಳು, ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಧೈರ್ಯ ಹೇಳಿದಳು, ಮಗುವಿನ ಹೊಣೆಯನ್ನು ಅವರಿಗೆ ವಹಿಸಿದಳು. ಕೆಲವು ದಿನಗಳ ನಂತರ ಮಗು ತನ್ನೊಡನೆ ಸೆರೆಯಲ್ಲೇ ಇರಲು ಅನುಮತಿ ಪಡೆದಳು. ಅಂದಿನಿಂದ ಆ ಕತ್ತಲ ಕೋಣೆ ಆಕೆಗೆ ಅರಮನೆಯಾಯಿತಂತೆ.

ಮಗುವನ್ನು ಕಡೆಗಣಿಸಿದ ತಾಯಿ ಹೀಗಿರುತ್ತಾಳೆಯೇ? ನೀವೇ ಹೇಳಿ.

ತಂದೆಯ ಕಣ್ಣೀರು

ಈ ದಿನಚರಿಯಲ್ಲಿ ಮನಸ್ಸನ್ನು ಹಿಂಡುವ ಭಾಗ ಮೃಗಗಳದ್ದಲ್ಲ, ತಂದೆಯದ್ದು. ಪೆರ್ಪೆತುವಾಳ ತಂದೆ ಕ್ರೈಸ್ತನಾಗಿರಲಿಲ್ಲ. ಗಂಡುಮಕ್ಕಳೆಲ್ಲರಿಗಿಂತ ಈ ಮಗಳ ಮೇಲೆಯೇ ಅವನಿಗೆ ಹೆಚ್ಚು ಮಮತೆ. ಅವನು ನಾಲ್ಕು ಸಲ ಮಗಳ ಮುಂದೆ ಬಂದ.

ಮೊದಲ ಸಲ ಬಂದಾಗ ಅವಳು ಅಲ್ಲೇ ಇದ್ದ ಒಂದು ಹೂಜಿಯನ್ನು ತೋರಿಸಿ, ಇದನ್ನು ಇದರ ಹೆಸರಲ್ಲದೆ ಬೇರೆ ಹೆಸರಿನಿಂದ ಕರೆಯಲಾದೀತೇ ಎಂದು ಕೇಳಿದಳು. ಆಗದು ಎಂದ ತಂದೆ. ಹಾಗಾದರೆ ತಾನೂ ಕ್ರೈಸ್ತಳೆಂದಲ್ಲದೆ ಬೇರೆ ಯಾವ ಹೆಸರನ್ನೂ ಹೇಳಿಕೊಳ್ಳಲಾರೆನೆಂದಳು ಮಗಳು. ಆ ಮಾತಿಗೆ ಸಿಟ್ಟಿಗೆದ್ದ ತಂದೆ ಅವಳ ಕಣ್ಣು ಕೀಳುವವನಂತೆ ಮೇಲೆ ಬಿದ್ದ.

ಎರಡನೆಯ ಸಲ ಆ ಸಿಟ್ಟು ಇಳಿದಿತ್ತು. ಕೊರಗಿ ಸೊರಗಿದ್ದ ಮುದುಕ ಮಗಳ ಕೈಗಳಿಗೆ ಮುತ್ತಿಟ್ಟು, ಕಾಲಿಗೆ ಬಿದ್ದು, ಮಗಳೇ ಎನ್ನದೆ ಅಮ್ಮಾ ಎಂದು ಒಡತಿಯನ್ನು ಕರೆಯುವಂತೆ ಕರೆದು ಅತ್ತ. ತನ್ನ ನರೆತ ತಲೆಯನ್ನು, ಅವಳ ತಾಯಿಯನ್ನು, ಅವಳಿಲ್ಲದೆ ಬದುಕಲಾರದ ಕೂಸನ್ನು ನೋಡೆಂದು ಬೇಡಿದ. ಪೆರ್ಪೆತುವಾ ಅವನನ್ನು ತಿರಸ್ಕರಿಸಲಿಲ್ಲ. ನಾವು ನಮ್ಮ ಕೈಯಲ್ಲಿಲ್ಲ, ದೇವರ ಕೈಯಲ್ಲಿದ್ದೇವೆ ಎಂದು ಸಂತೈಸಲು ನೋಡಿದಳು.

ಮೂರನೆಯ ಸಲ ಅವನು ಬಂದದ್ದು ವಿಚಾರಣೆಯ ದಿನ, ನೆರೆದ ಜನರ ನಡುವೆ. ರಾಜ್ಯಪಾಲ ತೀರಿಕೊಂಡಿದ್ದರಿಂದ ಹಿಲೇರಿಯಾನುಸ್ ಎಂಬ ಅಧಿಕಾರಿ ನ್ಯಾಯಪೀಠದಲ್ಲಿ ಕುಳಿತಿದ್ದ. ತಂದೆ ಮೊಮ್ಮಗನನ್ನು ಎತ್ತಿಕೊಂಡು ಬಂದು ಮಗಳನ್ನು ಮೆಟ್ಟಿಲಿನಿಂದ ಕೆಳಗೆಳೆದು, ಮಗುವಿನ ಮುಖ ನೋಡಿಯಾದರೂ ಬಲಿ ಅರ್ಪಿಸೆಂದ. ಅಧಿಕಾರಿಯೂ ಅದನ್ನೇ ಹೇಳಿದ. ಅಪ್ಪನ ನರೆಗೂದಲನ್ನು, ಕೂಸಿನ ಎಳೆತನವನ್ನು ಕರುಣಿಸಿ ಚಕ್ರವರ್ತಿಗಳ ಕ್ಷೇಮಕ್ಕಾಗಿ ಬಲಿಕೊಟ್ಟುಬಿಡು ಎಂದ. ಅವಳು ಒಪ್ಪಲಿಲ್ಲ. ನೀನು ಕ್ರೈಸ್ತಳೋ ಎಂದು ಕೇಳಿದಾಗ ಹೌದೆಂದಳು. ಅಷ್ಟೇ ವಿಚಾರಣೆ. ಮಗಳನ್ನು ಮನವೊಲಿಸಲು ಇನ್ನೂ ಹೆಣಗುತ್ತಿದ್ದ ತಂದೆಯನ್ನು ಅಧಿಕಾರಿ ಕೆಳಕ್ಕೆ ತಳ್ಳಿಸಿ ಕೋಲಿನಿಂದ ಹೊಡೆಸಿದ. ಆ ಪೆಟ್ಟು ತನಗೇ ಬಿದ್ದಂತೆ ಮಗಳು ನೊಂದಳು. ಎಲ್ಲರಿಗೂ ಮೃಗಗಳಿಗೆ ಒಪ್ಪಿಸುವ ಶಿಕ್ಷೆಯಾಯಿತು.

ಮಗುವನ್ನು ತರಲು ಸೇವಾದರ್ಶಿ ಪೊಂಪೋನಿಯುಸನನ್ನು ಕಳುಹಿಸಿದರೆ ತಂದೆ ಕೊಡಲಿಲ್ಲ. ಆದರೆ ಮಗು ಮತ್ತೆ ಮೊಲೆಹಾಲು ಕೇಳಲಿಲ್ಲ, ತಾಯಿಗೂ ಎದೆ ಬಾವು ಬರಲಿಲ್ಲ. ದೇವರ ದಯೆ ಎಂದು ಆಕೆ ಬರೆದಳು. ಕೊನೆಯ ಸಲ ತಂದೆ ಬಂದಾಗ ಗಡ್ಡ ಕಿತ್ತುಕೊಂಡು ನೆಲಕ್ಕೆ ಬಿದ್ದು ಹೊರಳಾಡಿದ. ಅವನ ಮುಪ್ಪಿನ ದುಃಖಕ್ಕಾಗಿ ತಾನು ಮರುಗಿದೆನೆಂದು ಬರೆದು ಅವಳು ಆ ಮಾತನ್ನು ಅಲ್ಲಿಗೆ ನಿಲ್ಲಿಸುತ್ತಾಳೆ.

ಮಕ್ಕಳ ಹೆಸರಿನಲ್ಲಿ

ಪ್ರಿಯರೇ, ಆ ತಂದೆ ಕೆಟ್ಟವನಲ್ಲ. ಅವನು ಆಡಿದ್ದು ಪ್ರೀತಿಯ ಮಾತು. ಅದರಿಂದಲೇ ಆ ಶೋಧನೆ ಅಷ್ಟು ಕಠಿಣವಾಯಿತು. ಕತ್ತಿ ಹಿಡಿದು ಬರುವ ಸೈತಾನನನ್ನು ನಾವು ಗುರುತಿಸಬಲ್ಲೆವು. ಆದರೆ ನಮ್ಮ ಕೂಸಿನ ಮುಖವನ್ನೇ ಮುಂದಿಟ್ಟು ಬರುವ ಶೋಧನೆಯನ್ನು ಗುರುತಿಸುವುದು ಹೇಗೆ?

ನಮ್ಮಿಂದ ಇಂದು ಯಾರೂ ಚಕ್ರವರ್ತಿಗೆ ಬಲಿ ಕೇಳುವುದಿಲ್ಲ. ಆದರೆ ಮಕ್ಕಳ ಹೆಸರಿನಲ್ಲಿ ನಾವು ಏನೇನು ಮಾಡುತ್ತೇವೆ ಎಂಬುದನ್ನು ಒಮ್ಮೆ ಯೋಚಿಸಿ ನೋಡೋಣ. ಮಗನಿಗೆ ಸೀಟು ಸಿಗಲೆಂದು ಸುಳ್ಳು ಪ್ರಮಾಣಪತ್ರ. ಮಗಳ ಮದುವೆ ಸುಸೂತ್ರವಾಗಲೆಂದು ವರದಕ್ಷಿಣೆಗೆ ಮೌನ ಸಮ್ಮತಿ, ಮಗನ ಮದುವೆಯಲ್ಲಿ ಅದನ್ನೇ ಬಡ್ಡಿ ಸಮೇತ ವಸೂಲಿ. ಮಕ್ಕಳಿಗೆ ನಾಲ್ಕು ಕಾಸು ಉಳಿಯಲೆಂದು ಅಣ್ಣತಮ್ಮಂದಿರ ಪಾಲಿನ ಜಮೀನಿನಲ್ಲಿ ಮೋಸ. ಪರೀಕ್ಷೆಯಿದೆ, ಟ್ಯೂಷನ್ ಇದೆ ಎಂದು ಭಾನುವಾರದ ಪೂಜೆಗೆ ರಜೆ. ಕೇಳಿದರೆ ಒಂದೇ ಉತ್ತರ: ಎಲ್ಲ ಮಕ್ಕಳಿಗಾಗಿ.

ಮಕ್ಕಳಿಗಾಗಿ ದುಡಿಯುವುದು, ಅವರ ಓದಿಗೆ, ಊಟಕ್ಕೆ ಬೆವರು ಸುರಿಸುವುದು ಪುಣ್ಯದ ಕೆಲಸ. ಅದರಲ್ಲಿ ಎರಡು ಮಾತಿಲ್ಲ. ಆದರೆ ಮಕ್ಕಳಿಗಾಗಿ ಆಡಿದ ಸುಳ್ಳನ್ನು ಮಕ್ಕಳು ನೋಡುತ್ತಿರುತ್ತಾರೆ. ಜೀವಕ್ಕಿಂತ, ಹಣಕ್ಕಿಂತ, ಊರಿನ ಮರ್ಯಾದೆಗಿಂತ ದೊಡ್ಡದು ಯಾವುದೂ ಇಲ್ಲವೆಂದು ಅವರು ಕಲಿಯುವುದು ನಮ್ಮಿಂದಲೇ. ಪೆರ್ಪೆತುವಾ ಅಂದು ಒಂದು ಚಿಟಿಕೆ ಧೂಪ ಹಾಕಿ ಮನೆಗೆ ಹೋಗಿದ್ದರೆ ಮಗುವಿಗೆ ತಾಯಿ ಉಳಿಯುತ್ತಿದ್ದಳು, ನಿಜ. ಆದರೆ ಜೀವ ಕೊಟ್ಟ ದೇವರನ್ನು ಜೀವ ಉಳಿಸಿಕೊಳ್ಳಲು ಅಲ್ಲಗಳೆಯಬಹುದು ಎಂಬ ಪಾಠವೂ ಆ ತಾಯಿಯ ಹಾಲಿನೊಂದಿಗೆ ಮಗುವಿಗೆ ಇಳಿಯುತ್ತಿತ್ತು. ತಂದೆತಾಯಿಯನ್ನು, ಮಗನನ್ನು, ಮಗಳನ್ನು ತಮಗಿಂತ ಹೆಚ್ಚಾಗಿ ಪ್ರೀತಿಸುವವರು ತಮಗೆ ತಕ್ಕವರಲ್ಲವೆಂದು ಪ್ರಭು ಯೇಸು ಹೇಳಿದ್ದು ಮನೆಯವರನ್ನು ಕಡಿಮೆ ಪ್ರೀತಿಸಿ ಎಂಬ ಅರ್ಥದಲ್ಲಲ್ಲ. ದೇವರನ್ನು ಮೊದಲು ಇಟ್ಟವನ ಮನೆಯಲ್ಲಿ ಉಳಿದವರಿಗೆ ಸಿಗಬೇಕಾದ ಪ್ರೀತಿ ಸರಿಯಾಗಿ ಸಿಗುತ್ತದೆ.

ಪೆರ್ಪೆತುವಾಳ ಪ್ರೀತಿ ತೀರಿಹೋದವರವರೆಗೂ ಚಾಚಿತ್ತು. ಆಕೆಗೆ ದಿನೊಕ್ರಾತೆಸ್ ಎಂಬ ತಮ್ಮನಿದ್ದ. ಏಳು ವರ್ಷದವನಾಗಿದ್ದಾಗ ಮುಖದ ಹುಣ್ಣಿನಿಂದ ನರಳಿ ಸತ್ತಿದ್ದ. ಸೆರೆಯಲ್ಲಿ ಪ್ರಾರ್ಥಿಸುತ್ತಿದ್ದಾಗ ಅವನ ಹೆಸರು ತಾನಾಗಿ ಅವಳ ಬಾಯಿಗೆ ಬಂತು. ಅಂದು ರಾತ್ರಿ ಅವನು ಬಾಯಾರಿ, ನೀರಿನ ತೊಟ್ಟಿಯ ಅಂಚು ಎಟುಕದೆ ನಿಂತಿರುವುದನ್ನು ಕಂಡಳು. ಹಗಲಿರುಳು ಅವನಿಗಾಗಿ ಅತ್ತು ಪ್ರಾರ್ಥಿಸಿದಳು. ಮತ್ತೆ ಕಂಡಾಗ ಹುಣ್ಣು ಮಾಯ್ದಿತ್ತು, ಅಂಚು ತಗ್ಗಿತ್ತು, ಅವನು ಮನಸಾರೆ ನೀರು ಕುಡಿದು ಮಕ್ಕಳಂತೆ ಆಡಲು ಓಡಿದ. ನಮ್ಮ ಮನೆಗಳಲ್ಲಿ ತೀರಿಹೋದವರಿಗಾಗಿ ಸಂಜೆಯ ಜಪಸರದ ಕೊನೆಗೆ ಹೇಳುವ ಪ್ರಾರ್ಥನೆ ಎಷ್ಟು ಹಳೆಯದೆಂಬುದನ್ನು ಇದರಿಂದ ತಿಳಿಯಬಹುದು. ಸಾವಿನ ನೆರಳಿನಲ್ಲಿದ್ದವಳಿಗೇ ತಮ್ಮನ ನೆನಪಾಯಿತು. ನಮಗೆ ಬಿಡುವಿಲ್ಲವೇ?

ಆ ಮಗುವನ್ನು ಎತ್ತಿಕೊಂಡವಳು

ಈಗ ಫೆಲಿಸಿತಾಳ ಕಡೆಗೆ ಬರೋಣ. ಬಂಧನವಾದಾಗ ಅವಳು ತುಂಬು ಗರ್ಭಿಣಿ. ಗರ್ಭಿಣಿಯರಿಗೆ ಮರಣದಂಡನೆ ಕೊಡಲು ರೋಮಿನ ಕಾನೂನು ಒಪ್ಪುತ್ತಿರಲಿಲ್ಲ. ಜೊತೆಯವರೆಲ್ಲ ಹೋಗಿ ತಾನೊಬ್ಬಳೇ ಹಿಂದುಳಿದು, ಮುಂದೆ ಕೊಲೆಗಡುಕರ ನಡುವೆ ಸಾಯಬೇಕಾದೀತೆಂಬ ದುಃಖ ಅವಳದು. ಆ ದಿನಕ್ಕೆ ಎರಡು ದಿನ ಮುಂಚೆ ಎಲ್ಲರೂ ಕೂಡಿ ಪ್ರಾರ್ಥಿಸಿದರು. ಎಂಟನೆಯ ತಿಂಗಳಲ್ಲೇ ಹೆರಿಗೆ ನೋವು ಬಂತು. ನೋವಿನಿಂದ ನರಳುವುದನ್ನು ಕಂಡ ಕಾವಲಿನವನೊಬ್ಬ, ಈಗಲೇ ಹೀಗಾದರೆ ಮೃಗಗಳ ಮುಂದೆ ಏನು ಮಾಡುತ್ತೀಯೆಂದು ಹಂಗಿಸಿದ. ಈ ನೋವು ತನ್ನದು, ತಾನೇ ಅನುಭವಿಸುತ್ತಿದ್ದೇನೆ. ಅಂದಾದರೋ ತನ್ನೊಳಗೆ ಮತ್ತೊಬ್ಬರಿದ್ದು ತನಗಾಗಿ ನೋಯುವರು, ಏಕೆಂದರೆ ತಾನು ಅವರಿಗಾಗಿ ನೋಯುವೆನು ಎಂಬುದು ಅವಳ ಉತ್ತರವಾಗಿತ್ತು. ಅಕ್ಷರ ಕಲಿತ ಪೆರ್ಪೆತುವಾ ದಿನಚರಿ ಬರೆದಳು. ದಾಸಿ ಫೆಲಿಸಿತಾ ನಮಗೆ ಬಿಟ್ಟುಹೋದದ್ದು ಹೆರಿಗೆಯ ನೋವಿನಲ್ಲಿ ಆಡಿದ ಈ ಒಂದೇ ಮಾತು. ದೊಡ್ಡ ದೊಡ್ಡ ಗ್ರಂಥಗಳು ಹೇಳುವುದು ಇದಕ್ಕಿಂತ ಹೆಚ್ಚೇನಲ್ಲ.

ಹುಟ್ಟಿದ ಹೆಣ್ಣುಮಗುವನ್ನು ಒಬ್ಬ ಸಹೋದರಿ ತನ್ನ ಸ್ವಂತ ಮಗಳಂತೆ ಸಾಕಿದಳು ಎಂದು ವೃತ್ತಾಂತ ಹೇಳುತ್ತದೆ. ಅವಳ ಹೆಸರಿಲ್ಲ. ಅವಳಿಗೆ ಹಬ್ಬವಿಲ್ಲ, ಪೂಜೆಯಲ್ಲಿ ಸ್ಮರಣೆಯಿಲ್ಲ. ಆದರೂ ಅವಳಿಲ್ಲದೆ ಈ ಕಥೆ ಪೂರ್ತಿಯಾಗುವುದಿಲ್ಲ. ಮೊದಲು ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಅವಳಲ್ಲಿದೆ. ಆ ತಾಯಂದಿರು ತಮ್ಮ ಮಕ್ಕಳನ್ನು ಬೀದಿಯಲ್ಲಿ ಬಿಟ್ಟುಹೋಗಲಿಲ್ಲ. ಒಬ್ಬಳ ಕೂಸು ಅಜ್ಜನ ಮನೆಯಲ್ಲಿತ್ತು, ಇನ್ನೊಬ್ಬಳ ಕೂಸನ್ನು ವಿಶ್ವಾಸಿಗಳ ಕುಟುಂಬ ಎತ್ತಿಕೊಂಡಿತು.

ರಕ್ತಸಾಕ್ಷಿಯಾಗುವ ಕರೆ ಎಲ್ಲರಿಗೂ ಬರುವುದಿಲ್ಲ, ಅದನ್ನು ಹುಡುಕಿಕೊಂಡು ಹೋಗಬೇಕೆಂದೂ ಧರ್ಮಸಭೆ ಹೇಳುವುದಿಲ್ಲ. ಆದರೆ ಹೆಸರಿಲ್ಲದ ಆ ಸಹೋದರಿಯ ಕರೆ ನಮ್ಮ ಪ್ರತಿ ಧರ್ಮಕೇಂದ್ರಕ್ಕೂ ಬರುತ್ತದೆ. ಗಂಡ ಸತ್ತ ಮನೆಯ ಮಕ್ಕಳ ಶಾಲೆಯ ಫೀಸು ಯಾರು ಕಟ್ಟುತ್ತಾರೆ? ಅಪ್ಪ ಕುಡಿತಕ್ಕೆ ಬಿದ್ದ ಮನೆಯ ಮಕ್ಕಳು ರಾತ್ರಿ ಉಂಡರೇ ಎಂದು ಯಾರು ಕೇಳುತ್ತಾರೆ? ತಾಯಿ ಆಸ್ಪತ್ರೆ ಸೇರಿದಾಗ ಕೂಸನ್ನು ಯಾರು ನೋಡಿಕೊಳ್ಳುತ್ತಾರೆ? ಪಕ್ಕದ ಮನೆಯಲ್ಲಿ ಇಂಥ ಮಗುವಿದ್ದರೆ ಸ್ವರ್ಗದ ಏಣಿ ಆ ಮನೆಯ ಬಾಗಿಲಿನಲ್ಲೇ ಇದೆಯೆಂದು ತಿಳಿಯಿರಿ.

ಮಾರ್ಚ್ 7

ಚಕ್ರವರ್ತಿಯ ಮಗ ಗೇತನ ಹುಟ್ಟುಹಬ್ಬದ ಅಂಗವಾಗಿ ಮೃಗಗಳ ಕಾಳಗ ಏರ್ಪಾಡಾಗಿತ್ತು. ಸೆಕುಂದುಲುಸ್ ಸೆರೆಯಲ್ಲೇ ತೀರಿಕೊಂಡಿದ್ದ. ಉಳಿದವರು ಸಂತೋಷದ ಮುಖದಿಂದ ಅಖಾಡಕ್ಕೆ ನಡೆದರು. ಅನ್ಯದೇವತೆಗಳ ಪೂಜಾರಿಗಳ ವೇಷ ತೊಡಿಸಲು ಬಂದಾಗ ಪೆರ್ಪೆತುವಾ ಒಪ್ಪಲಿಲ್ಲ. ಇಂಥದ್ದನ್ನು ಮಾಡಬಾರದೆಂದೇ ತಾವು ಪ್ರಾಣ ಕೊಡುತ್ತಿದ್ದೇವೆಂದು ವಾದಿಸಿದಳು. ಅಧಿಕಾರಿ ಮಣಿದ. ಹಿಂದೆ ಸೆರೆಯಲ್ಲಿ ಕೈದಿಗಳನ್ನು ಕ್ರೂರವಾಗಿ ನಡೆಸಿಕೊಂಡಾಗಲೂ ಅವಳೇ ಎದುರು ನಿಂತು ಮಾತನಾಡಿ ಊಟ ಉಪಚಾರ ಸುಧಾರಿಸಿದ್ದಳು. ತಾಳ್ಮೆಯೆಂದರೆ ಬಾಯಿ ಮುಚ್ಚಿಕೊಂಡಿರುವುದು ಎಂದು ಭಾವಿಸುವವರು ಇದನ್ನು ಗಮನಿಸಲಿ.

ಗಂಡಸರ ಮೇಲೆ ಚಿರತೆ, ಕರಡಿ, ಕಾಡುಹಂದಿಗಳನ್ನು ಬಿಟ್ಟರು. ಚಿರತೆಯ ಒಂದೇ ಕಡಿತಕ್ಕೆ ಸಾತುರುಸ್ ರಕ್ತದಲ್ಲಿ ತೊಯ್ದುಹೋದ. ಅಷ್ಟರಲ್ಲಿ ವಿಶ್ವಾಸಿಯಾಗಿದ್ದ ಸೆರೆಮನೆಯ ಅಧಿಕಾರಿ ಪುದೆನ್ಸನ ಬೆರಳಿನ ಉಂಗುರವನ್ನು ಕೇಳಿ ತೆಗೆದುಕೊಂಡು, ತನ್ನ ಗಾಯದಲ್ಲಿ ಅದ್ದಿ ನೆನಪಿಗೆಂದು ಹಿಂದಿರುಗಿಸಿದ. ಸ್ತ್ರೀಯರ ಮೇಲೆ ಮದವೇರಿದ ಹಸುವನ್ನು ಬಿಟ್ಟರು. ಹಸು ಎತ್ತಿ ಎಸೆದಾಗ ಪೆರ್ಪೆತುವಾ ಎದ್ದು ಕುಳಿತು, ಹರಿದ ಬಟ್ಟೆಯನ್ನು ಸರಿಪಡಿಸಿಕೊಂಡಳು. ಕೆದರಿದ ಕೂದಲು ಸೂತಕದ ಗುರುತಾದೀತೆಂದು ಪಿನ್ನು ಹುಡುಕಿ ಮುಡಿ ಕಟ್ಟಿಕೊಂಡಳು. ಆಮೇಲೆ ನೆಲಕ್ಕೆ ಬಿದ್ದಿದ್ದ ಫೆಲಿಸಿತಾಳ ಬಳಿಗೆ ಹೋಗಿ ಕೈಹಿಡಿದು ಎಬ್ಬಿಸಿದಳು. ಇಬ್ಬರೂ ಜೊತೆಯಾಗಿ ನಿಂತರು.

ಈ ನೋಟವನ್ನು ಸ್ವಲ್ಪ ನಿಲ್ಲಿಸಿ ನೋಡಿರಿ. ದೊಡ್ಡಮನೆತನದ ಹೆಣ್ಣು ಒಬ್ಬ ದಾಸಿಯ ಕೈಹಿಡಿದು ಎಬ್ಬಿಸುತ್ತಿದ್ದಾಳೆ, ಇಡೀ ಪಟ್ಟಣ ನೋಡುತ್ತಿದೆ. ಪರಮಪ್ರಸಾದ ಪ್ರಾರ್ಥನೆಯಲ್ಲಿ ಫೆಲಿಸಿತಾಳ ಹೆಸರೇ ಮೊದಲು ಬರುತ್ತದೆ, ಪೆರ್ಪೆತುವಾಳದ್ದು ಆಮೇಲೆ. ಪೂಜೆಯಲ್ಲಿ ಆ ಹೆಸರುಗಳಿಗೆ ಆಮೆನ್ ಎಂದು ಬಂದ ನಾವು ಮನೆಕೆಲಸದವಳಿಗೆ ಬೇರೆ ಲೋಟ ಇಡುತ್ತೇವೆಯೇ? ಕುಲ ನೋಡಿ ದೇವಾಲಯದ ಬೆಂಚಿನಲ್ಲಿ ದೂರ ಸರಿಯುತ್ತೇವೆಯೇ? ಹಾಗಿದ್ದರೆ ಆ ಆಮೆನ್ ನಮ್ಮ ತುಟಿಯದು ಮಾತ್ರ.

ಪೆರ್ಪೆತುವಾ ತನ್ನ ಸಹೋದರನನ್ನು ಕರೆಸಿ ವಿಶ್ವಾಸದಲ್ಲಿ ದೃಢವಾಗಿರಲು, ಒಬ್ಬರನ್ನೊಬ್ಬರು ಪ್ರೀತಿಸಲು, ತಮ್ಮ ಪಾಡು ಕಂಡು ಎಡವದಿರಲು ಹೇಳಿದಳು. ಕೊನೆಗೆ ಎಲ್ಲರೂ ಒಬ್ಬರಿಗೊಬ್ಬರು ಶಾಂತಿಯ ಮುದ್ದು ಕೊಟ್ಟು ಕತ್ತಿಗೆ ಕೊರಳೊಡ್ಡಿದರು. ಪೆರ್ಪೆತುವಾಳ ಪಾಲಿಗೆ ಬಂದವನು ಹೊಸಬ. ಅವನ ಏಟು ತಪ್ಪಿ ಎಲುಬಿಗೆ ತಾಗಿತು. ನೋವಿನಿಂದ ಕೂಗಿದ ಆಕೆ ನಡುಗುತ್ತಿದ್ದ ಆ ಕೈಯನ್ನು ತಾನೇ ಹಿಡಿದು ಕೊರಳಿಗೆ ತಂದುಕೊಂಡಳು.

ಸುಮಾರು ಇನ್ನೂರು ವರ್ಷಗಳ ನಂತರ ಅದೇ ಆಫ್ರಿಕದ ಧರ್ಮಾಧ್ಯಕ್ಷರಾದ ಸಂತ ಆಗುಸ್ತೀನರು ಇವರ ಹಬ್ಬದಂದು ಪ್ರಬೋಧನೆ ಮಾಡುತ್ತಾ ಇಬ್ಬರ ಹೆಸರುಗಳ ಅರ್ಥವನ್ನು ಜೋಡಿಸಿ ತೋರಿಸಿದರು. ಒಂದರ ಅರ್ಥ ನಿತ್ಯವಾದದ್ದು, ಇನ್ನೊಂದರ ಅರ್ಥ ಸೌಭಾಗ್ಯ. ಗೇತ ಮುಂದೆ ತನ್ನ ಸ್ವಂತ ಅಣ್ಣನ ಸಂಚಿಗೇ ಬಲಿಯಾದ. ಅಣ್ಣನ ಆಜ್ಞೆಯಂತೆ ಅವನ ಹೆಸರನ್ನು ಶಾಸನಗಳಿಂದ ಕೆತ್ತಿ ಅಳಿಸಿದರು. ಅವನ ಹುಟ್ಟುಹಬ್ಬಕ್ಕೆ ಬಲಿಯಾದ ತಾಯಂದಿರ ಹೆಸರುಗಳು ಇಂದಿಗೂ ಪೀಠದ ಬಳಿ ಕೇಳಿಬರುತ್ತಿವೆ.

ಮುಂದಿನ ಸಲ ಪೂಜೆಯಲ್ಲಿ ಆ ಹೆಸರುಗಳು ಬಂದಾಗ ನಿಮ್ಮ ಮಕ್ಕಳ ಕಿವಿಯಲ್ಲಿ ಮೆಲ್ಲನೆ ಹೇಳಿರಿ, ಇವರು ಯಾರೆಂದು. ಸಂಜೆ ಪ್ರಾರ್ಥನೆಗೆ ಕೂತಾಗ ಈ ಮಾತುಗಳನ್ನು ಕೂಡಿ ಹೇಳಿರಿ:

ಪ್ರಭುವೇ, ನಮ್ಮ ಮಕ್ಕಳನ್ನು ನಮಗೆ ಕೊಟ್ಟವರು ನೀವು. ಅವರ ಹೆಸರಿನಲ್ಲಿ ನಿಮ್ಮನ್ನು ಅಲ್ಲಗಳೆಯದಂತೆ ನಮ್ಮನ್ನು ಕಾಪಾಡಿರಿ. ವಿಶ್ವಾಸವನ್ನು ಅರಿಯದೆ ನಮಗಾಗಿ ಅಳುವ ನಮ್ಮವರನ್ನು ಸಂತೈಸಿರಿ. ತಾಯಿಯಿಲ್ಲದ ಕೂಸು ನಮ್ಮ ಬಾಗಿಲಿಗೆ ಬಂದಾಗ ಎತ್ತಿಕೊಳ್ಳುವ ಕೈಗಳನ್ನು ನಮಗೆ ಕೊಡಿರಿ. ಸಂತ ಫೆಲಿಸಿತಾ, ಸಂತ ಪೆರ್ಪೆತುವಾ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.